ಗೃಹಾಂತರವೂ ಸ್ವತ್ವವಿಚಾರವೂ

ಗೃಹಪ್ರವೇಶದ ವಿಧಿಯನ್ನು ಕುರಿತು ಪಂಡಿತರನ್ನು ಕೇಳುವವರು ಬಹಳ ಮಂದಿ. ಆಷಾಢ ಆಗಬಹುದೇ, ಯಾವ ನಕ್ಷತ್ರದಲ್ಲಿ ಹಾಲು ಉಕ್ಕಿಸಬೇಕು, ದೇವರ ಮನೆಗೆ ಈಶಾನ್ಯ ಸಿಕ್ಕದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಕೊರತೆಯಿಲ್ಲ. ಆದರೆ ಹಾಲು ಉಕ್ಕಿ, ಬಂದವರು ಭೋಜನ ಮಾಡಿ ತೆರಳಿದ ಮರುದಿನ, ಹಜಾರದ ತುಂಬ ರಟ್ಟಿನ ಪೆಟ್ಟಿಗೆಗಳು ಕಟ್ಟು ಬಿಚ್ಚದೆ ಕುಳಿತಿರುವಾಗ ಏಳುವ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು? ಯಾವುದನ್ನು ಬಿಡಬೇಕು? ಅದನ್ನು ನಿರ್ಣಯಿಸುವ ಅಧಿಕಾರ ಯಾರದು? ಇದು ಕೇವಲ ಗೃಹಕೃತ್ಯದ ಮಾತೆಂದು ತೋರಬಹುದು. ನಮಗಾದರೋ ಇದು ಧರ್ಮವಿಚಾರವೆಂದೇ ಕಂಡಿದೆ.

ಹೈದರಾಬಾದಿನ ಕನ್ನಡಿಗರಿಗೆ ಗಂಟು ಕಟ್ಟುವುದೂ ಬಿಚ್ಚುವುದೂ ಹೊಸದಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಭಾಗವಾಗಿ, ಗುಲಬರ್ಗಾ, ರಾಯಚೂರು, ಬೀದರಗಳ ಕನ್ನಡ ಪ್ರದೇಶ ಮೈಸೂರು ರಾಜ್ಯವನ್ನು ಸೇರಿದಾಗ ಸರ್ಕಾರಿ ಸೇವೆಯಲ್ಲಿದ್ದ ಅನೇಕ ಮನೆತನಗಳು ಬೆಂಗಳೂರಿನ ಹಾದಿ ಹಿಡಿದವು. ಕಾಚಿಗುಡ, ಬರ್ಕತ್‌ಪುರಗಳ ಸುತ್ತ ಅನೇಕರು ಇಲ್ಲಿಯೇ ಉಳಿದರು. ಉಳಿದವರ ಮಕ್ಕಳು ಮೊಮ್ಮಕ್ಕಳು ಈಗ ಕೂಕಟ್‌ಪಲ್ಲಿ, ಮಿಯಾಪುರಗಳ ಬಹುಮಹಡಿ ಮನೆಗಳಿಗೆ ಹೋಗುತ್ತಿದ್ದಾರೆ. ಹಿತ್ತಿಲಿನ ಬಾವಿ ಜೊತೆಗೆ ಬರುವುದಿಲ್ಲ, ಕಟ್ಟೆಯೂ ಬರುವುದಿಲ್ಲ. ತುಳಸಿ ಮಾತ್ರ ಕುಂಡವೇರಿ ಬಾಲ್ಕನಿಗೆ ಬರುತ್ತದೆ. ದೇವರ ಪೆಟ್ಟಿಗೆ ಲಾರಿ ಹತ್ತುವುದಿಲ್ಲ. ಯಜಮಾನನೇ ಮಡಿಯಲ್ಲಿ ಕೈಯಾರೆ ತರುತ್ತಾನೆ. ಅದರ ವಿಷಯದಲ್ಲಿ ವಿವಾದವಿಲ್ಲ. ವಿವಾದವೆಲ್ಲ ತಾಮ್ರದ ಹಂಡೆ, ಹಿತ್ತಾಳೆಯ ಕೊಪ್ಪರಿಗೆ, ಪರಾತ, ಬೀಸುಕಲ್ಲು, ಹಳೆಯ ಪಂಚಾಂಗಗಳ ಕಟ್ಟು, ಮೊಮ್ಮಕ್ಕಳು ಓದಲಾರದ ಕನ್ನಡ ಪುಸ್ತಕಗಳು ಇವುಗಳದ್ದು.

ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನಾವು ಕೇಳಿದ ಸಂಗತಿಯಿದು. ಸ್ಥಳ ಸಾಲದೆಂದು ಮಗನು ತಾಯಿಯ ಪಾತ್ರೆಗಳನ್ನು ಆಕೆಗೆ ತಿಳಿಸದೆ ತೂಕಕ್ಕೆ ಹಾಕಿಬಿಡುತ್ತಾನೆ. ಹೊಸ ಮನೆಯಲ್ಲಿ ಪೆಟ್ಟಿಗೆಗಳೆಲ್ಲ ಬಿಚ್ಚಿದ ಮೇಲೆ ತಾಯಿ, "ನನ್ನ ಹಂಡೆ ಎಲ್ಲಪ್ಪಾ?" ಎನ್ನುತ್ತಾಳೆ. ಅವನು, "ಇನ್ನೂ ಎಷ್ಟು ದಿನ ಅಮ್ಮಾ ಈ ಮೋಹ? ಹೋಗುವಾಗ ಹಂಡೆ ಹೊತ್ತುಕೊಂಡು ಹೋಗುತ್ತೀಯೇನು?" ಎನ್ನುತ್ತಾನೆ. ಪ್ರವಚನ ಕೇಳಿದವನಾದರೆ ಭಾಗವತದ ಸಪ್ತಮ ಸ್ಕಂಧವನ್ನೂ ಎಳೆತಂದಾನು. ಗೃಹಸ್ಥನಿಗೆ ಹೊಟ್ಟೆ ತುಂಬುವಷ್ಟರಲ್ಲೇ ಅಧಿಕಾರವೆಂದೂ ಅದಕ್ಕೆ ಮೀರಿ ನನ್ನದೆನ್ನುವವನು ಕಳ್ಳನೆಂದೂ ನಾರದರು ಧರ್ಮರಾಜನಿಗೆ ಹೇಳಿದ್ದು ಅಲ್ಲಿಯೇ. ಮಾತು ಸತ್ಯ. ಆದರೆ ಅದು ಕೇಳಿದವನು ತನ್ನ ಗಂಟಿನ ಮೇಲೆ ಪ್ರಯೋಗಿಸಬೇಕಾದ ಮಾತು. ಅನ್ಯರ ಗಂಟನ್ನು ಬಿಚ್ಚಲು ಅದು ಬೀಗದ ಕೈಯಲ್ಲ.

ತನ್ನ ಸ್ವತ್ವವನ್ನು ನಿವೃತ್ತಿಗೊಳಿಸಿ ಅನ್ಯರ ಸ್ವತ್ವವನ್ನುಂಟುಮಾಡುವುದು ದಾನವೆಂಬುದು ಧರ್ಮಶಾಸ್ತ್ರಕಾರರ ಲಕ್ಷಣ. ಸ್ವತ್ವವೇ ಇಲ್ಲದವನಿಗೆ ದಾನವೂ ಇಲ್ಲ, ತ್ಯಾಗವೂ ಇಲ್ಲ. ತವರಿನಿಂದ ಬಂದ ಪಾತ್ರೆಯಾದರೆ ಅದು ಸ್ತ್ರೀಧನ; ತಾಯಿ ಬದುಕಿರುವಾಗ ಅದರ ಮೇಲೆ ಮಗನಿಗೆ ಅಧಿಕಾರವಿಲ್ಲ. ತಾಯಿಯ ಹಂಡೆಯನ್ನು ಮಾರಿ ಮಗ ವೈರಾಗ್ಯ ಸಂಪಾದಿಸಿದನೆಂದರೆ ಯಾರು ನಂಬಬೇಕು?

"ಎಲ್ಲವೂ ಹರಿಯದೇ ಆದಮೇಲೆ ಅಮ್ಮನದೆಂಬುದು ಎಲ್ಲಿಂದ ಬಂತು?" ಎಂದು ಕೇಳುವ ಚತುರರಿದ್ದಾರೆ. ಈಶಾವಾಸ್ಯದ ಪ್ರಥಮ ಮಂತ್ರಕ್ಕೆ ತ್ಯಾಗದಿಂದ ಬಾಳಬೇಕೆಂಬ ಅರ್ಥವನ್ನು ಹೇಳುವವರುಂಟು; ಶ್ರೀಮದಾಚಾರ್ಯರು ಅವನು ಕೊಟ್ಟದ್ದರಿಂದಲೇ ಭೋಗಿಸಬೇಕೆಂದು ಅರ್ಥಮಾಡಿದ್ದಾರೆ. ಕೊಡುವವನು ಸತ್ಯ, ಕೊಟ್ಟ ವಸ್ತು ಸತ್ಯ, ಪಡೆದವಳೂ ಸತ್ಯ. ಆದುದರಿಂದ ಆಕೆಯ ಒಡೆತನವು ಪರಾಧೀನವೇ ಹೊರತು ಮಿಥ್ಯೆಯಲ್ಲ. ಪರಾಧೀನವೆಂಬ ಕಾರಣಕ್ಕೆ ಅದನ್ನು ಕಸಿಯಬಹುದಾದರೆ, ಮಗನ ಹೊಸ ಮನೆಯ ಪತ್ರವೂ ಅಷ್ಟೇ ಪರಾಧೀನವಲ್ಲವೇ?

ಹಾಗೆಂದು ಎಲ್ಲವನ್ನೂ ಅಟ್ಟಕ್ಕೇರಿಸಿ ಬಾಗಿಲು ಹಾಕಬೇಕೆಂದು ನಾವು ಹೇಳುತ್ತಿಲ್ಲ. ಭೋಗಿಸಲೆಂದು ಕೊಟ್ಟದ್ದು ಮೂರು ವರ್ಷ ಪೆಟ್ಟಿಗೆಯಲ್ಲೇ ಉಳಿದರೆ ಅದು ಭೋಗವೂ ಅಲ್ಲ, ದಾನವೂ ಅಲ್ಲ. ಈ ಮಾತನ್ನು ಹಿರಿಯರಿಗೂ ವಿನಯದಿಂದ ಹೇಳಬೇಕಾಗುತ್ತದೆ. ಆಕೆ ತಾನಾಗಿ ತನ್ನ ಕೈಯಿಂದ ಮೊಮ್ಮಗಳಿಗೋ, ಬಡವರ ಮದುವೆಗೋ ಕೊಟ್ಟರೆ ಅದು ದಾನ. ಮಠಕ್ಕೆ ಕೊಡುತ್ತೇವೆನ್ನುವವರು ಮೊದಲು ಪಾಕಶಾಲೆಯವರನ್ನು ಕೇಳುವುದು ಲೇಸು. ತೂತುಬಿದ್ದ ಕೊಪ್ಪರಿಗೆಯಿಂದ ಯಾವ ಸಂತರ್ಪಣೆಯೂ ನಡೆಯದು. ಪಾತ್ರೆ ಕೊಡುವಾಗಲೂ ಪಾತ್ರಾಪಾತ್ರ ವಿವೇಚನೆ ಬೇಕು.

ಗತಿಸಿದ ಹಿರಿಯರ ಪುಸ್ತಕಗಳ ವಿಷಯ ಬೇರೆ. ಕೇಳೋಣವೆಂದರೆ ಅವರಿಲ್ಲ, ಸ್ವತ್ವವೀಗ ಮಕ್ಕಳದೇ. ತೆಲುಗು, ಇಂಗ್ಲಿಷುಗಳಲ್ಲಿ ಬೆಳೆದ ಮಕ್ಕಳು ಅವನ್ನು ಓದಲಾರದಿದ್ದರೆ ಓದುವವರ ಕೈಗೆ ಸೇರಿಸುವುದೇ ಆ ಪುಸ್ತಕಗಳಿಗೆ ಮಾಡುವ ಮರ್ಯಾದೆ. ಆದರೆ ಒಂದೊಂದನ್ನೂ ತೆರೆದು ನೋಡದೆ ಕೊಡಬಾರದು. ಹಳೆಯ ಪಂಚಾಂಗದ ಅಂಚಿನಲ್ಲಿ ಮನೆಯ ಮಗುವಿನ ಜನನಕಾಲ, ಮುತ್ತಜ್ಜನ ಶ್ರಾದ್ಧದ ತಿಥಿ ಬರೆದಿಡುವ ಪದ್ಧತಿ ನಮ್ಮ ಕಡೆ ಇತ್ತು. ಆ ಕಟ್ಟು ರದ್ದಿಗೆ ಹೋದರೆ ತಿಥಿಯೂ ಹೋಯಿತು. ಮೊದಲು ಅವುಗಳನ್ನು ಬೇರೊಂದು ಪುಸ್ತಕಕ್ಕೆ ಇಳಿಸಿಕೊಳ್ಳತಕ್ಕದ್ದು.

ಇನ್ನು ಬಿಚ್ಚುವ ಕ್ರಮ. ಕೂಲಿಯವರು ಅವಸರಪಡಿಸುತ್ತಾರೆ, ಸೊಸೆಗೆ ಕಚೇರಿಯ ರಜೆ ಎರಡೇ ದಿನ. ಇವೆಲ್ಲ ನಮಗೆ ತಿಳಿಯದ್ದಲ್ಲ. ಆದರೂ ಅತ್ತೆಯವರ ಪೆಟ್ಟಿಗೆಗಳನ್ನು ಒಂದು ಮೂಲೆಗಿರಿಸಿ, ಒಂದು ಭಾನುವಾರ ಅವರನ್ನು ಕುರ್ಚಿಯ ಮೇಲೆ ಕುಳ್ಳಿರಿಸಿ, ಒಂದೊಂದು ಪಾತ್ರೆಯನ್ನೂ ಅವರ ಕೈಗೆ ಕೊಟ್ಟು ಕೇಳಬಹುದು. ತಾಸಿನಲ್ಲಿ ಮುಗಿಯುವ ಕೆಲಸ ದಿನವಿಡೀ ಹಿಡಿದೀತು. ಇದು ಮುಂಜಿಯಲ್ಲಿ ಬಂದದ್ದು, ಇದನ್ನು ಮಂತ್ರಾಲಯದ ಯಾತ್ರೆಗೆ ಒಯ್ದಿದ್ದೆವು ಎಂದು ಕಥೆಗಳೂ ಬಂದಾವು. ನಾವು ಕಂಡಂತೆ ಹೀಗೆ ಕೇಳಿಸಿಕೊಂಡ ಹಿರಿಯರು ಬಹುಪಾಲನ್ನು ತಾವೇ ಹೆಸರು ಹಿಡಿದು ಹಂಚಿಬಿಡುತ್ತಾರೆ. ಒಂದು ಹಂಡೆಯನ್ನು ಮಾತ್ರ ಬಿಡಲೊಲ್ಲೆನೆಂದರೆ, ಒಲೆಯಿಲ್ಲದ ಮನೆಯಲ್ಲಿ ಅದಕ್ಕೇನು ಕೆಲಸವೆಂದು ವಾದ ಹೂಡಬೇಕಾಗಿಲ್ಲ. ತುಳಸಿಯ ಕುಂಡದ ಪಕ್ಕದಲ್ಲಿ ಅದಕ್ಕೆ ಸ್ಥಳವಿದೆ; ಬೆಳಗಿನ ನೀರು ತುಂಬಿಡಲು ಆದೀತು.