ಕಾಣದ ಕೆಂಪು

ಗದಗ ಸೀಮೆಯ ಎರೆಹೊಲಗಳಲ್ಲಿ, ಹೊಂಬಳದ ದಾರಿಯ ಬದಿಯಲ್ಲಿ, ಜವಾರಿ ಹತ್ತಿ ಹೂಬಿಟ್ಟ ಹೊತ್ತಿಗೆ ಒಂದು ಹೂವಿನೊಳಗೆ ಇಣುಕಿ ನೋಡಬೇಕು: ತೆಳು ಹಳದಿ ಎಸಳುಗಳ ಬುಡದಲ್ಲಿ, ಯಾರೋ ಬೆಳಗಿನ ಜಾವ ಬಂದು ಅಚ್ಚು ಒತ್ತಿ ಹೋದಂತೆ, ಎಸಳಿಗೊಂದು ಕಡುಗೆಂಪು ಮಚ್ಚೆ. ಆದರೆ ಅದೇ ಗಿಡ ಮುಂದೆ ಕಾಯೊಡೆದು ಕೊಡುವ ಅರಳೆಗೆ ಆ ಕೆಂಪಿನ ನೆನಪೇ ಇಲ್ಲ; ಅದು ಬೆಳ್ಳಗೆ ನೂಲಾಗಿ, ಬೆಟಗೇರಿಯಂಥ ನೇಕಾರರ ಊರಲ್ಲಿ ಬಟ್ಟೆಯಾಗಿ, ಬಣ್ಣದ ದಾರಿ ಕಾಯುತ್ತದೆ.

ಆ ದಾರಿ ದೊಡ್ಡದು. ಮೊದಲು ಅಳಲೆಕಾಯಿಯ ಒಗರು ನೀರಲ್ಲಿ ಅದ್ದಿಸಿಕೊಂಡು, ಬಿಸಿಲಲ್ಲಿ ಮಾಸಲು ಹಳದಿಗೆ ತಿರುಗಿದ ಬಟ್ಟೆಯ ಮುಂದೆ ಅಚ್ಚು ಒತ್ತುವವರು ನಿಲ್ಲುತ್ತಾರೆ. ಒಂದು ಗಡಿಗೆಯಲ್ಲಿ ತುಕ್ಕು ಹಿಡಿದ ಕಬ್ಬಿಣವೂ ಬೆಲ್ಲವೂ ದಿನಗಟ್ಟಲೆ ಕೂಡಿ ಹುಳಿತ ನೀರು, ಇನ್ನೊಂದರಲ್ಲಿ ಅಂಟಿನೊಡನೆ ಕಲಸಿದ ಪಟಿಕ. ಕಬ್ಬಿಣದ ನೀರು ತಾಗಿದಲ್ಲಿ ಅಳಲೆಯ ಒಗರು ಕಣ್ಣೆದುರೇ ಕಪ್ಪಾಗುತ್ತದೆ. ಪಟಿಕ ಮಾತ್ರ ತನ್ನ ಗುಟ್ಟು ಬಿಡುವುದಿಲ್ಲ. ತೇಗದ ಅಚ್ಚನ್ನಿಟ್ಟು ಅಂಗೈಯ ಬುಡದಿಂದ ಒಮ್ಮೆ ಗುದ್ದಿ, ಎತ್ತಿ, ಹಿಂದಿನ ಬಳ್ಳಿಯ ತುದಿಗೆ ಮುಂದಿನ ಬಳ್ಳಿಯ ಬುಡವನ್ನು ಕೂಡಿಸುತ್ತ ಆ ಕೈ ಸಾಗುತ್ತದೆ. ಸಂಜೆಯ ತನಕ ಒತ್ತಿದ ಹೂಗಳು ಅಲ್ಲಿವೆ, ಅವುಗಳ ಕೆಂಪು ಇನ್ನೂ ಎಲ್ಲಿಯೂ ಇಲ್ಲ.

ಆಮೇಲೆ ತೊಳೆದ ಬಟ್ಟೆ ಮಂಜಿಷ್ಠದ ಬೇರು ಕುದಿಯುವ ಹಂಡೆಗೆ ಇಳಿಯುತ್ತದೆ, ಕಟ್ಟಿಗೆಯ ಹೊಗೆಗೂ ಬೇರಿನ ಮಣ್ಣುವಾಸನೆಗೂ ನಡುವೆ ನಿಧಾನ ಹೊರಳುತ್ತದೆ, ಪಟಿಕ ತಾಗಿದ್ದ ಒಂದೊಂದೇ ಎಸಳು ಒಳಗಿಂದ ಕೆಂಪೇರುತ್ತ ಮೇಲಕ್ಕೆ ಬರುತ್ತದೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗಂಟಿ ಉಳಿದಿದ್ದ ಹತ್ತಿಬಟ್ಟೆಯ ತುಣುಕಿಗೂ ಇಂಥದೇ ಬೇರಿನ ಕೆಂಪು ಕೂಡಿತ್ತು. 4,000 ವರ್ಷಗಳಾಚೆಯ ಯಾವುದೋ ಕೈ ಕೂಡ ಇಂಥದೇ ಬೇರನ್ನು ಹೀಗೆಯೇ ನಂಬಿತ್ತು. ನೀಲಿಯದು ಇನ್ನೊಂದು ಬಗೆಯ ಬೆರಗು: ತೊಟ್ಟಿಯಿಂದ ಹಸಿರಾಗಿ ಮೇಲೆದ್ದ ಬಟ್ಟೆ ಗಾಳಿ ಸೋಕಿದ ಹಾಗೆ, ನೋಡುತ್ತಿದ್ದಂತೆಯೇ, ನೀಲಿಗೆ ಹೊರಳುತ್ತದೆ. ಹೆಗ್ಗೋಡಿನ ಚರಕ ಎಂಬ ಕೈಮಗ್ಗದ ಸಂಘದಲ್ಲಿ, ಅಡಿಕೆ ಬೇಯಿಸಿ ಉಳಿದ ಚೊಗರು ಮಲೆನಾಡಿನ ಹೆಣ್ಣುಮಕ್ಕಳ ಕೈಯಲ್ಲಿ ಬಟ್ಟೆಯ ಬಣ್ಣವಾಗುತ್ತದೆ.

ಬಣ್ಣವನ್ನು ಯಾರೂ ಬಟ್ಟೆಗೆ ಹಚ್ಚುವುದಿಲ್ಲ ಎಂದೇ ನನಗೆ ತೋರುತ್ತದೆ. ಬೇರು, ಕಾಯಿ, ಕಬ್ಬಿಣ, ಗಾಳಿ ಎಲ್ಲೆಲ್ಲಿಂದಲೋ ಹೊರಟು ಬಂದು ಒಂದು ನೂಲಿನೊಳಗೆ ಕೂಡುತ್ತವೆ; ಕೈ ಮಾಡುವುದು ಅವು ಕೂಡುವ ಜಾಗವನ್ನು ತೋರಿಸಿಕೊಡುವುದಷ್ಟೇ. ಆ ಕೂಟಕ್ಕೆ ನೀರೂ ಸುಮ್ಮನೆ ಬರುವುದಿಲ್ಲ. ಮಂಜಿಷ್ಠದ ಬಳಗದ ಬೇರುಗಳ ಕೆಂಪು ತುಂಬಿ ನಿಲ್ಲಲು ಪಟಿಕದ ಜೊತೆಗೆ ನೀರೊಳಗಿನ ಸುಣ್ಣವೂ ನೆರವಾಗುತ್ತದೆ. ಬ್ಯಾಳಿ ಬೇಯದ, ಸೋಪು ನೊರೆಯಾಡದ ನಮ್ಮ ಕಡೆಯ ಗಡಸು ನೀರನ್ನು ನಾವು ಬೈದುಕೊಂಡೇ ಸೇದುತ್ತೇವೆ. ನಮ್ಮ ನಾಲಗೆ ಒಲ್ಲೆನ್ನುವ ಅದೇ ನೀರಿಗಾಗಿ ಒಂದು ಬೇರು ಹಂಬಲಿಸುತ್ತದೆ. ಒಂದು ಊರಿನ ಕೆಂಪು ಇನ್ನೊಂದು ಊರಿಗೆ ಬರಲಾರದು, ಏಕೆಂದರೆ ಆ ಊರಿನ ನೆಲವೇ ಕರಗಿ ಆ ಕೆಂಪಿನಲ್ಲಿ ಸೇರಿರುತ್ತದೆ.