ವಂಶಾವಳಿಯಲ್ಲಿ ಚುಕ್ಕಿಗೆರೆ

ಮನೆತನದ ವಂಶಾವಳಿಯನ್ನು ಬರೆಯಹೊರಟವರಿಗೆ ಮೂರು ತಲೆಮಾರುಗಳವರೆಗೆ ದಾರಿ ಸಾಮಾನ್ಯವಾಗಿ ಸುಗಮವಾಗಿರುತ್ತದೆ. ಶ್ರಾದ್ಧ, ತರ್ಪಣಗಳನ್ನು ನಡೆಸುವ ಮನೆಗಳಲ್ಲಿ ತಂದೆ, ತಾತ, ಮುತ್ತಾತ ಈ ಮೂವರ ಹೆಸರುಗಳನ್ನು ವಸು, ರುದ್ರ, ಆದಿತ್ಯ ಸ್ವರೂಪರೆಂದು ವರ್ಷವರ್ಷವೂ ಹೇಳುವುದರಿಂದ ಅವು ಮರೆತುಹೋಗುವುದಿಲ್ಲ. ಆದರೆ ಇನ್ನೊಂದು ತಲೆಮಾರು ಕಳೆದಾಗ ಹಳೆಯ ಹೆಸರೊಂದು ಆ ಸಾಲಿನಿಂದ ಕಳಚಿಕೊಳ್ಳುತ್ತದೆ, ಅಲ್ಲಿಂದಾಚೆಗೆ ಹೆಸರು ಸಿಕ್ಕಿದರೂ ಆ ಹೆಸರಿನವರು ಈ ಮನೆಗೆ ಏನಾಗಬೇಕು ಎಂಬುದು ತಿಳಿಯದಾಗುತ್ತದೆ. ಊರಿನಲ್ಲಿ ಇರುವವರಿಗೆ ಕೇಳಿ ತಿಳಿಯಲು ದಾಯಾದಿಗಳಾದರೂ ಹತ್ತಿರದಲ್ಲಿರುತ್ತಾರೆ. ಹೊರದೇಶದಲ್ಲಿ ನೆಲೆಸಿದವರು ಫೋನಿನಲ್ಲಿ ಕೇಳಿದ ಅರೆಮಾತನ್ನೇ ಕಂಪ್ಯೂಟರಿಗೆ ತುಂಬಬೇಕಾಗುತ್ತದೆ, ಮತ್ತು ಕಂಪ್ಯೂಟರು ಊಹೆಗೂ ಸಾಕ್ಷ್ಯಕ್ಕೂ ಒಂದೇ ಬಗೆಯ ಗಟ್ಟಿ ಗೆರೆಯನ್ನು ಎಳೆದುಬಿಡುತ್ತದೆ. ಸಂಬಂಧ ಖಚಿತವಿಲ್ಲದ ಕಡೆಯಲ್ಲಿ ಚುಕ್ಕಿಗೆರೆಯನ್ನು ಎಳೆದು, ಸಂಶಯವೇಕೆಂದು ಪಕ್ಕದಲ್ಲಿ ಬರೆದಿಡುವುದು ಮುಂದಿನ ಪೀಳಿಗೆಗೆ ಮಾಡಬಹುದಾದ ದೊಡ್ಡ ಉಪಕಾರ.

ಈ ತೊಡಕು ಸಾಮಾನ್ಯರ ಮನೆಗಳಿಗಷ್ಟೇ ಸೇರಿದ್ದಲ್ಲ. ರಾಷ್ಟ್ರಕೂಟರನ್ನು 973ರಲ್ಲಿ ಸೋಲಿಸಿ ರಾಜ್ಯವನ್ನು ಕಟ್ಟಿದ ಎರಡನೆಯ ತೈಲಪನ ವಂಶಸ್ಥರಾದ ಕಲ್ಯಾಣ ಚಾಲುಕ್ಯರು ತಾವು ಬಾದಾಮಿ ಚಾಲುಕ್ಯರ ಕುಡಿಗಳೆಂದು ಹೇಳಿಕೊಂಡರು. ತೈಲಪನ ಮೊಮ್ಮಗ ಐದನೆಯ ವಿಕ್ರಮಾದಿತ್ಯನ ಕಾಲದ ಕೌಥೇಂ ತಾಮ್ರಶಾಸನವು ಬಾದಾಮಿಯ ಎರಡನೆಯ ವಿಕ್ರಮಾದಿತ್ಯನ ಸಹೋದರನೊಬ್ಬನಿಂದ ಆರಂಭಿಸಿ ತೈಲಪನವರೆಗೆ ಹೆಸರುಗಳ ಸಾಲನ್ನು ಕೊಡುತ್ತದೆ. ಬಾದಾಮಿಯ ರಾಜ್ಯ ಅಳಿದು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಬರೆಯಿಸಿದ ಈ ಸಾಲನ್ನು ಆರ್. ಜಿ. ಭಂಡಾರ್ಕರರಂಥ ವಿದ್ವಾಂಸರು ಸಂಶಯದಿಂದ ನೋಡಿದರು. ವಂಶಾವಳಿಯನ್ನು ಪರೀಕ್ಷಿಸುವವರು ಕೇಳಬೇಕಾದ ಎರಡು ಪ್ರಶ್ನೆಗಳು ಇಲ್ಲಿಯೇ ಇವೆ: ದಾಖಲೆಯು ಆ ವ್ಯಕ್ತಿಯ ಜೀವಿತಕಾಲಕ್ಕೆ ಎಷ್ಟು ಹತ್ತಿರದ್ದು, ಮತ್ತು ಈ ಸಂಬಂಧವನ್ನು ಹೇಳಿಕೊಳ್ಳುವುದರಿಂದ ಬರೆಯಿಸಿದವರಿಗೆ ಏನು ಪ್ರಯೋಜನವಿತ್ತು. ಇಂಥ ಸಂಶಯದಿಂದ ಕಲ್ಯಾಣ ಚಾಲುಕ್ಯರ ಘನತೆಯೇನೂ ಕುಗ್ಗಲಿಲ್ಲ. ತಮ್ಮ ಮನೆತನದ ಮೂಲಪುರುಷನ ವಿಷಯದಲ್ಲಿ ಸಂಶಯ ಬಂದಾಗ ನೊಂದುಕೊಳ್ಳುವವರು ಇದನ್ನು ನೆನೆಯಬಹುದು.

ಮನೆಮಾತಿನ ಸಂಬಂಧವಾಚಕಗಳು ಇನ್ನೊಂದು ಬಗೆಯ ಎಚ್ಚರವನ್ನು ಕೇಳುತ್ತವೆ. ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಬಂಧುತ್ವ ಪದಗಳ ಕೋಷ್ಟಕಗಳಲ್ಲಿ ತಮಿಳು, ತೆಲುಗುಗಳ ಜೊತೆಗೆ ಕನ್ನಡದ ಪದಗಳೂ ಇದ್ದು, ಈ ಭಾಷೆಗಳ ವ್ಯವಸ್ಥೆ ಯೂರೋಪಿನದಕ್ಕಿಂತ ತೀರ ಬೇರೆಯೆಂಬುದು ಅಂದಿನಿಂದಲೂ ವಿದ್ವಾಂಸರಿಗೆ ತಿಳಿದಿದೆ. ದೊಡ್ಡಪ್ಪ ಎಂದರೆ ತಂದೆಯ ಅಣ್ಣನೂ ಆಗಬಹುದು, ತಾಯಿಯ ಅಕ್ಕನ ಗಂಡನೂ ಆಗಬಹುದು. ಮಾವನಾದವನು ತಾಯಿಯ ತಮ್ಮನೋ, ಸೋದರತ್ತೆಯ ಗಂಡನೋ, ಹೆಂಡತಿಯ ತಂದೆಯೋ ಆಗಿರಬಹುದು, ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿಯಿದ್ದ ಮನೆಗಳಲ್ಲಿ ಒಬ್ಬನೇ ಇವುಗಳಲ್ಲಿ ಎರಡು ಸಂಬಂಧಗಳಿಂದ ಮಾವನಾಗಿರುವುದೂ ಉಂಟು. ಕೆಲವು ಮನೆಗಳಲ್ಲಿ ಮಕ್ಕಳು ತಂದೆಯನ್ನೇ ಅಣ್ಣ ಎಂದು ಕರೆಯುತ್ತಿದ್ದರು. ಹಿರಿಯರು ಆಡಿದ ಇಂಥ ಮಾತನ್ನು ಇಂಗ್ಲಿಷಿನ ಒಂದು ಪದಕ್ಕೆ ಅಳವಡಿಸಿ ಬರೆದೊಡನೆ ಅದರೊಳಗಿದ್ದ ಸುಳಿವು ಅಳಿಸಿಹೋಗುತ್ತದೆ. ಯಾರು, ಯಾರ ಕುರಿತು, ಯಾವ ಪದವನ್ನು ಬಳಸಿದರು ಎಂಬುದನ್ನು ಕನ್ನಡದಲ್ಲಿಯೇ ಬರೆದುಕೊಂಡು, ಅರ್ಥನಿರ್ಣಯವನ್ನು ನಂತರಕ್ಕೆ ಬಿಡುವುದು ಕ್ಷೇಮ.

ಹಳೆಯ ಕಂದಾಯ ದಾಖಲೆಗಳು ಈ ನಿರ್ಣಯಕ್ಕೆ ಬಹಳ ನೆರವಾಗುತ್ತವೆ. ಅವುಗಳಲ್ಲಿ ಗಂಡಸಿನ ಹೆಸರಿನ ಮುಂದೆ ಇಂಥವರ ಮಗ ಎಂಬುದಕ್ಕೆ ‘ಬಿನ್’ ಎಂದೂ, ಹೆಂಗಸಿನ ಹೆಸರಿನ ಮುಂದೆ ಇಂಥವರ ಹೆಂಡತಿ ಎಂಬುದಕ್ಕೆ ‘ಕೋಂ’ ಎಂದೂ ಬರೆಯುತ್ತಿದ್ದರು. ಆದರೆ ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದಾಗಿ ‘ರಾಮಯ್ಯ ಬಿನ್ ತಿಮ್ಮಯ್ಯ’, ‘ತಿಮ್ಮಯ್ಯ ಬಿನ್ ರಾಮಯ್ಯ’ ಎಂಬ ಜೋಡಿ ಒಂದೇ ಊರಿನ ಲೆಕ್ಕದಲ್ಲಿ ಮತ್ತೆ ಮತ್ತೆ ಬರುತ್ತದೆ, ನಾಲ್ಕು ತಲೆಮಾರುಗಳು ಓದುವವನ ಕಣ್ಣಿಗೆ ಎರಡಾಗಿ ಮಡಚಿಕೊಳ್ಳುತ್ತವೆ. ಇಂಥಲ್ಲಿ ಹೆಸರನ್ನು ನಂಬದೆ ಜಮೀನನ್ನು ಹಿಡಿದು ಹೋಗಬೇಕು: ಒಂದೇ ಸರ್ವೆ ನಂಬರು ಯಾವ ವರ್ಷ ಯಾರ ಹೆಸರಿನಿಂದ ಯಾರ ಹೆಸರಿಗೆ ಬದಲಾಯಿತು, ಆ ಬದಲಾವಣೆ ಕ್ರಯದಿಂದ ಆದದ್ದೋ, ವಿಭಾಗದಿಂದ ಆದದ್ದೋ, ಅಥವಾ ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಮಾಡುವ ಫವತಿ ಖಾತೆಯೋ ಎಂಬುದನ್ನು ನೋಡಿದರೆ ಇಬ್ಬರು ರಾಮಯ್ಯಂದಿರು ಬೇರೆಬೇರೆಯಾಗಿ ನಿಲ್ಲುತ್ತಾರೆ. ಕೋಂ ಎಂಬ ನಮೂದು ಮಾತ್ರ ಹೆಂಗಸನ್ನು ಗಂಡನ ಮನೆಗೆ ಸೇರಿಸಿ ಕೈತೊಳೆದುಕೊಳ್ಳುತ್ತದೆ. ಆಕೆಯ ತವರು ಯಾವುದೆಂಬುದು ಅಲ್ಲಿ ಸಿಗುವುದಿಲ್ಲ.

ಹೆತ್ತವರು ಯಾರು ಎಂಬುದಕ್ಕೂ ಹಕ್ಕು ಯಾರಿಂದ ಬಂತು ಎಂಬುದಕ್ಕೂ ಇರುವ ಅಂತರವನ್ನು ಮರೆತಾಗ ಇನ್ನೂ ದೊಡ್ಡ ತಪ್ಪುಗಳಾಗುತ್ತವೆ. ದತ್ತಕನಾದ ಮಗನ ಬಿನ್ ಎದುರು ಸಾಕುತಂದೆಯ ಹೆಸರೇ ಇರುತ್ತದೆ. ಹೆತ್ತ ತಂದೆ, ಸಾಕಿದ ತಂದೆ ಇಬ್ಬರಿಗೂ ಮಗನಾಗಿ ಉಳಿಯುವ ದ್ವ್ಯಾಮುಷ್ಯಾಯಣ ಎಂಬ ಬಗೆಯ ದತ್ತಕವೂ ಧರ್ಮಶಾಸ್ತ್ರದಲ್ಲಿ ಇತ್ತು. ಕಿತ್ತೂರಿನ ಶಿವಲಿಂಗರುದ್ರ ಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅವನ ಹೆಸರಿನಲ್ಲಿ ಆದ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮುಂದಿನ ತಿಂಗಳು ನಡೆದ ಯುದ್ಧದಲ್ಲಿ ಥ್ಯಾಕರೆ ಸತ್ತ, ರಾಣಿ ಚೆನ್ನಮ್ಮನ ಹೆಸರು ನಾಡಿನ ಮನಸ್ಸಿನಲ್ಲಿ ನಿಂತಿತು. ತಂದೆಮಗನ ಸಂಬಂಧವೊಂದನ್ನು ಯಾರು ಒಪ್ಪಬೇಕು, ಯಾವ ಪುರಾವೆಯ ಮೇಲೆ ಒಪ್ಪಬೇಕು ಎಂಬ ಪ್ರಶ್ನೆಯ ತೂಕ ಎಷ್ಟೆಂಬುದಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಕರಾವಳಿಯ ಅಳಿಯಸಂತಾನ ಪದ್ಧತಿಯಲ್ಲಿ, ಅಂದರೆ ಕುಟುಂಬವು ತಾಯಿಯ ಕಡೆಯಿಂದ ಮುಂದುವರಿದು ಆಸ್ತಿಯ ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ ಸಲ್ಲುವ ವ್ಯವಸ್ಥೆಯಲ್ಲಿ, ದಾಖಲೆಯಲ್ಲಿ ಒಂದರ ಕೆಳಗೊಂದು ಬಂದ ಇಬ್ಬರು ಯಜಮಾನರನ್ನು ತಂದೆಮಕ್ಕಳೆಂದು ಓದಿದರೆ ಇಡೀ ವಂಶಾವಳಿಯೇ ಅಡ್ಡದಾರಿ ಹಿಡಿಯುತ್ತದೆ. ಆಸ್ತಿಯ ಹಂಚಿಕೆಗೆ 1949ರ ಮದರಾಸು ಕಾಯಿದೆ, ಉತ್ತರಾಧಿಕಾರಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಚಿತ್ರ ಬದಲಾದುದರಿಂದ, ಕಾಗದ ಯಾವ ಕಾಲದ್ದೆಂದು ಮೊದಲು ಗಮನಿಸಬೇಕು.

ಉತ್ತರ ಕರ್ನಾಟಕದ ಮನೆಗಳಿಗೆ ಕಾಗದಗಳ ಆಚೆಗೆ ಇನ್ನೊಂದು ಆಧಾರವಿದೆ. ಎತ್ತನ್ನು ಹಿಡಿದು ಊರೂರು ತಿರುಗುವ ಹೆಳವರು ತಮಗೆ ಒಕ್ಕಲಾದ ಮನೆತನಗಳ ಮೂಲಸ್ಥಳ, ಕವಲುಗಳು, ವಲಸೆಯ ಹಾದಿ ಇವೆಲ್ಲವನ್ನೂ ಹೊತ್ತಗೆಗಳಲ್ಲಿ ಬರೆದಿಟ್ಟುಕೊಂಡು, ಮನೆಯಂಗಳದಲ್ಲಿ ಹಾಡುತ್ತ ಓದಿಹೇಳಿ, ಹಿಂದಿನ ಭೇಟಿಯ ನಂತರ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು, ಕಾಳುಕಡಿಗಳನ್ನು ಪಡೆದು ಮುಂದಕ್ಕೆ ಹೋಗುತ್ತಾರೆ. ಮನೆಮಂದಿ ಕೂತು ಕೇಳುವಾಗಲೇ ತಪ್ಪಿದ್ದರೆ ತಿದ್ದುವುದರಿಂದ ಇತ್ತೀಚಿನ ತಲೆಮಾರುಗಳ ವಿಷಯದಲ್ಲಿ ಈ ಹೊತ್ತಗೆಗಳ ಸಾಕ್ಷ್ಯ ಬಲವಾದದ್ದು. ಮೂಲಪುರುಷನ ಕಡೆಗೆ ಹೋದಂತೆ ಅದು ಪುರಾಣದ ಜೊತೆ ಬೆರೆಯುತ್ತದೆ. ಒಂದೇ ಹೊತ್ತಗೆಯ ಬೇರೆಬೇರೆ ಭಾಗಗಳಿಗೆ ಬೇರೆಬೇರೆ ಬೆಲೆ ಕಟ್ಟಬೇಕಾದ ವಿವೇಕ ಇಲ್ಲಿ ಬೇಕಾಗುತ್ತದೆ. ಇವರ ಸಂಗ್ರಹಕ್ಕೆ ವಿಶ್ವವಿದ್ಯಾಲಯಗಳ ಗ್ರಂಥಭಂಡಾರಗಳಷ್ಟೇ ಗೌರವ ಸಲ್ಲಬೇಕು.

ಹೊರದೇಶಗಳಲ್ಲಿ ಈಗ ಸುಲಭವಾಗಿ ಸಿಗುವ ಡಿಎನ್‌ಎ ಪರೀಕ್ಷೆ ಎಲ್ಲ ಸಂಶಯವನ್ನೂ ಬಗೆಹರಿಸುತ್ತದೆಂಬ ನಂಬಿಕೆಗೆ ಆಧಾರ ಕಡಿಮೆ. ಒಡಹುಟ್ಟಿದವರ ನಡುವೆ ಸುಮಾರು ಶೇ. 50ರಷ್ಟು, ಚಿಕ್ಕಪ್ಪ ಮತ್ತು ಅಣ್ಣನ ಮಗನ ನಡುವೆ ಸುಮಾರು ಶೇ. 25ರಷ್ಟು, ಅಣ್ಣತಮ್ಮಂದಿರ ಮಕ್ಕಳ ನಡುವೆ ಸುಮಾರು ಶೇ. 12.5ರಷ್ಟು ಡಿಎನ್‌ಎ ಹೊಂದುತ್ತದೆಂಬುದು ಸಾಮಾನ್ಯ ಲೆಕ್ಕ. ಆದರೆ ತಾತ ಮೊಮ್ಮಗನ ನಡುವೆಯೂ, ತಾಯಿ ಬೇರೆಯಾದ ಅಣ್ಣತಮ್ಮಂದಿರ ನಡುವೆಯೂ ಅದೇ ಶೇ. 25 ಬರುವುದರಿಂದ, ಅಂಕಿಯೊಂದೇ ಸಂಬಂಧದ ಹೆಸರನ್ನು ಹೇಳಲಾರದು. ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಹಲವು ತಲೆಮಾರು ನಡೆದ ಸಮುದಾಯಗಳಲ್ಲಿ ಒಬ್ಬನೇ ಪೂರ್ವಜ ಹಲವು ದಾರಿಗಳಿಂದ ಬರುವುದರಿಂದ, ದೂರದವರೂ ಹತ್ತಿರದವರಂತೆ ಕಾಣುತ್ತಾರೆ. ಪರೀಕ್ಷೆ ಮಾಡಿಸುವ ಮೊದಲು ಇನ್ನೊಂದು ಮಾತು: ಮನೆಯವರು ಮುಚ್ಚಿಟ್ಟುಕೊಂಡ ದತ್ತಕವೊಂದು ಹೀಗೆ ಬಯಲಾಗಬಹುದು, ಅದರ ನೋವನ್ನು ಅನುಭವಿಸುವವರು ಊರಿನಲ್ಲಿ ಇರುವ ವೃದ್ಧರು; ಅವರ ಒಪ್ಪಿಗೆಯನ್ನು ಕೇಳದೆ ಮುಂದುವರಿಯಬಾರದು.

ಕಂದಾಯದ ಕಾಗದಗಳು ಕೈಬಿಟ್ಟ ಹೆಂಗಸರ ತವರನ್ನು ಹುಡುಕಲು ಮನೆಯ ಟ್ರಂಕಿನಲ್ಲಿಯೇ ಸಾಮಗ್ರಿ ಇರುತ್ತದೆ. ಹಳೆಯ ಲಗ್ನಪತ್ರಿಕೆಗಳು, ಅಡುಗೆಮನೆಯ ಹಿತ್ತಾಳೆ ಪಾತ್ರೆಗಳ ಅಂಚಿನಲ್ಲಿ ಕೆತ್ತಿಸಿದ ಹೆಸರು ಮತ್ತು ತಾರೀಖು, ಮದುವೆಯಲ್ಲಿ ಯಾರು ಏನು ಕೊಟ್ಟರೆಂದು ಬರೆದ ಮುಯ್ಯಿಯ ಪಟ್ಟಿ ಇವುಗಳಲ್ಲಿ ಮುಖ್ಯವಾದವು. ಮುಂದೆ ಅವರ ಮನೆಯ ಮದುವೆಯಲ್ಲಿ ಹಿಂತಿರುಗಿಸಲೆಂದು ಬರೆದ ಲೆಕ್ಕವಾದುದರಿಂದ ಮುಯ್ಯಿಯ ಪಟ್ಟಿಯಲ್ಲಿ ಸುಳ್ಳಿಗೆ ಕಾರಣವಿರಲಿಲ್ಲ. ಕೊಟ್ಟವರ ಊರು, ಹೆಸರು, ಮೊತ್ತ ಅದರಲ್ಲಿರುತ್ತವೆ, ಒಮ್ಮೊಮ್ಮೆ ಅವರ ಸಂಬಂಧವೂ ಇರುತ್ತದೆ. ಮದುಮಗಳ ಸೋದರಮಾವನ ಉಡುಗೊರೆ ಯಾವ ಊರಿನ ಯಾರ ಹೆಸರಿನಲ್ಲಿ ಬಂದಿದೆಯೆಂದು ಗೊತ್ತಾದರೆ, ಆಕೆಯ ತಾಯಿಯ ಅಣ್ಣನೋ ತಮ್ಮನೋ ಯಾರೆಂದು ತಿಳಿಯುತ್ತದೆ. ಆ ಊರಿನ ಕಂದಾಯ ಲೆಕ್ಕದಲ್ಲಿ ಅವನ ಹೆಸರಿನ ಮುಂದಿರುವ ಬಿನ್, ವರ್ಷವೂ ಹೊಂದಿಕೊಂಡರೆ, ಆಕೆಯ ತಾಯಿಯ ತಂದೆ ಯಾರೆಂಬುದನ್ನು ಹೇಳುತ್ತದೆ.