ಶಿಷ್ಯನೋ, ಆಳೋ?

‘ಶಿಷ್ಯವೇತನ’ ಎಂಬ ಮಾತಿನಲ್ಲಿ ಎರಡು ಸಂಬಂಧಗಳು ಕೂಡಿಕೊಂಡಿವೆ. ಶಿಷ್ಯನಿಗೆ ಸಲ್ಲಬೇಕಾದದ್ದು ವಿದ್ಯೆ. ದುಡಿಯುವವನಿಗೆ ಸಲ್ಲಬೇಕಾದದ್ದು ವೇತನ. ಅಪ್ರೆಂಟಿಸ್ ಆಗಿ ಕಾರ್ಖಾನೆಗೆ ಬರುವ ಯುವಕನಿಗೆ ಇವೆರಡೂ ಸಲ್ಲಬೇಕು. ಆದರೆ ಒಂದನ್ನು ತೋರಿಸಿ ಇನ್ನೊಂದರಿಂದ ನುಣುಚಿಕೊಳ್ಳುವುದು ಮಾಲೀಕನಿಗೆ ಬಲು ಸುಲಭ. ‘ಕೆಲಸ ಕಲಿಸುತ್ತಿದ್ದೇನಲ್ಲ, ಹಣವೇಕೆ?’ ಎನ್ನಬಹುದು, ‘ಹಣ ಕೊಡುತ್ತಿದ್ದೇನಲ್ಲ, ಹೇಳಿದ್ದನ್ನು ಮಾಡು’ ಎಂದೂ ಎನ್ನಬಹುದು.

1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಇಂಥವನು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಮೇಲ್ನೋಟಕ್ಕೆ ಇದು ಹಕ್ಕನ್ನು ಕಸಿದುಕೊಂಡಂತೆ ಕಾಣುತ್ತದೆ. ಆದರೆ ತರಬೇತಿಗೆ ಅರ್ಹ ವ್ಯಕ್ತಿಯನ್ನು ನೇಮಿಸಬೇಕು, ಅಧಿಕಾರಿಯ ಒಪ್ಪಿಗೆಯಿಲ್ಲದೆ ಹೆಚ್ಚುವರಿ ಹೊತ್ತು ದುಡಿಸಬಾರದು, ತರಬೇತಿಯಿಂದ ಗಾಯವಾದರೆ ಪರಿಹಾರ ಕೊಡಬೇಕು ಎಂದು ಅದೇ ಕಾಯಿದೆ ಮಾಲೀಕನ ಮೇಲೆ ಹೊಣೆ ಹೊರಿಸಿದೆ.

ಈ ಹೊಣೆ ನ್ಯಾಯವೇ? ಲೇತ್ ಯಂತ್ರದ ಮುಂದೆ ನಿಂತ ಹೊಸಬನನ್ನು ನೆನೆದುಕೊಳ್ಳಿ. ಕೈಗೆ ಪೆಟ್ಟಾಗದಿರಲೆಂದು ಅವನು ಕೈಗವಸು ತೊಡುತ್ತಾನೆ. ತಿರುಗುವ ಯಂತ್ರಕ್ಕೆ ಆ ಗವಸೇ ಸಿಕ್ಕಿಕೊಂಡು ಕೈಯನ್ನು ಒಳಗೆಳೆಯುತ್ತದೆ. ಅವನು ಜಾಗರೂಕನಾಗಿಯೇ ಇದ್ದ. ಅಪಾಯ ಎಲ್ಲಿದೆಯೆಂಬುದು ಮಾತ್ರ ತಿಳಿದಿರಲಿಲ್ಲ. ತಿಳಿದಿದ್ದವನು ಹೇಳಲಿಲ್ಲ. ಹಾಗಿರುವಾಗ ‘ಹುಡುಗನ ಅಜಾಗರೂಕತೆ’ ಎಂದು ಕೈತೊಳೆದುಕೊಳ್ಳುವುದು ಆತ್ಮಸಾಕ್ಷಿಗೆ ಒಪ್ಪುವ ಮಾತೇ?

30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವಿದೆ. ನಮ್ಮ ಬೀದಿಯ ಗ್ಯಾರೇಜಿಗೂ ಇಬ್ಬರು ಮೂವರ ವೆಲ್ಡಿಂಗ್ ಅಂಗಡಿಗೂ ಈ ನಿಯಮ ತಲುಪುವುದಿಲ್ಲ. ಅಲ್ಲಿ ಒಪ್ಪಂದ ಪತ್ರವಿಲ್ಲ. ಇರುವುದು ತಂದೆತಾಯಿ ಮಗನನ್ನು ಒಪ್ಪಿಸಿ ಹೋದ ನಂಬಿಕೆಯೊಂದೇ. ಮೊದಲ ತಿಂಗಳು ಕಸ ಗುಡಿಸುವುದರಲ್ಲಿ, ಹತಾರಗಳನ್ನು ಒರೆಸಿಡುವುದರಲ್ಲಿ ತಪ್ಪೇನಿಲ್ಲ. ಹತಾರಗಳ ಪರಿಚಯವಾಗುವುದು ಹಾಗೆಯೇ. ಎರಡನೆಯ ವರ್ಷವೂ ಅವನು ಚಹಾ ತರುತ್ತಲೇ ಇದ್ದರೆ ಅದು ಕಳ್ಳತನವೆಂದೇ ನನ್ನ ಅಭಿಪ್ರಾಯ. ಬಾಕಿ ಉಳಿದ ಹಣವನ್ನು ಮುಂದೆಂದಾದರೂ ಕೊಡಬಹುದು. ಹದಿನೆಂಟರ ಹರೆಯವನ್ನು ಯಾರು ಹಿಂದಿರುಗಿಸಬಲ್ಲರು?

‘ಕಲಿಸಿದ ಮೇಲೆ ಬಿಟ್ಟುಹೋಗುತ್ತಾರೆ’ ಎಂಬ ಮಾಲೀಕರ ದೂರಿನಲ್ಲಿಯೂ ಸತ್ಯವಿದೆ. ಮೇಸ್ತ್ರಿಯ ಸಮಯ, ಕೆಟ್ಟುಹೋದ ಸಾಮಗ್ರಿ, ಎಲ್ಲವೂ ಅವರ ನಷ್ಟವೇ. ಆದರೆ ಈ ಭಯದಿಂದ ಕೆಲಸದ ಮರ್ಮವನ್ನು ಮುಚ್ಚಿಡುವುದು, ಕೊಟ್ಟ ಮಾತನ್ನು ಗುಟ್ಟಾಗಿ ಮುರಿದಂತೆ. ತರಬೇತಿ ಮುಗಿದ ಮೇಲೆ ಇಂತಿಷ್ಟು ಕಾಲ ಇಲ್ಲಿಯೇ ದುಡಿಯಬೇಕೆಂದು ಒಪ್ಪಂದದಲ್ಲಿ ಮೊದಲೇ ಬರೆದುಕೊಳ್ಳಲು ಕಾಯಿದೆಯಲ್ಲಿಯೇ ಅವಕಾಶವಿದೆ. ಹಾಗೆ ಬರೆದುಕೊಂಡ ಮಾಲೀಕನು ಅವನಿಗೆ ತಕ್ಕ ಕೆಲಸವನ್ನೂ ಕೊಡಲೇಬೇಕಾಗುತ್ತದೆ.